ಸೊಂಟಪಟ್ಟಿಯ ಕೆಂಪು ಗಂಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೇ ಅಮ್ಮ ಚಿಕ್ಕಂದಿನಲ್ಲೇ ನನಗೆ ಸಿಡುಕಿ ಎಂದು ಹೆಸರಿಟ್ಟಿದ್ದಳು. ಈಗ ಆ ಹೆಸರನ್ನೂ ಮರೆತಿದ್ದಾಳೆ, ನನ್ನನ್ನೂ ಮರೆತಿದ್ದಾಳೆ. ಅವಳ ಪಾಲಿಗೆ ನಾನು ‘ಮೇಡಂ’. ಬಟ್ಟೆ ಹೊಲಿಸಲು ಬಂದು ವಾಪಸ್ ಹೋಗದೆ ಉಳಿದುಬಿಟ್ಟ ಯಾವುದೋ ಗಿರಾಕಿ ಎಂದುಕೊಂಡಿರಬೇಕು.

ನಮ್ಮದು ಟೈಲರಿಂಗ್ ಅಂಗಡಿ. ಅಮ್ಮ ಕಟ್ಟಿದ್ದು, ಈಗ ನಾನೂ ನನ್ನ ತಮ್ಮನೂ ನಡೆಸುತ್ತಿರುವುದು. ತಮ್ಮನದು ಕಟಿಂಗ್, ನನ್ನದು ಹೊಲಿಗೆ, ಅಮ್ಮನದು ಕಿಟಕಿ ಪಕ್ಕದ ಕುರ್ಚಿ. ಊಟ ಮಾಡಿದ್ದು ಅವಳಿಗೆ ನೆನಪಿರುವುದಿಲ್ಲ, ಗುಂಡಿ ಹಾಕುವುದು ಮಾತ್ರ ಬೆರಳಿಗೆ ನೆನಪಿದೆ. ಇನ್ನೊಂದು ಕೆಲಸವೂ ಅವಳದೇ. ಎಲಾಸ್ಟಿಕ್ ಇರುವ ಯಾವ ಬಟ್ಟೆಯೇ ಆಗಲಿ, ಸೊಂಟಪಟ್ಟಿಯ ಒಳಗೆ, ಹಿಂಬದಿಗೆ, ಕೆಂಪು ದಾರದಲ್ಲಿ ಒಂದು ಪುಟ್ಟ ಗಂಟು ಹಾಕುತ್ತಾಳೆ. ಕತ್ತಲಲ್ಲಿ ಹಾಕಿಕೊಂಡರೂ ಹಿಂದುಮುಂದು ಗೊತ್ತಾಗಲಿ ಎಂದು. ನಮ್ಮ ಮನೆಯವರ ಬಟ್ಟೆಗೆಲ್ಲ ಆ ಗಂಟಿದೆ, ತಮ್ಮನ ಪೈಜಾಮವೂ ಸೇರಿದಂತೆ. ಒಮ್ಮೊಮ್ಮೆ ನಾನು ಹಾಕಿದರೆ ಅವಳಿಗೆ ಸರಿಬರುತ್ತಿರಲಿಲ್ಲ, ಬಿಚ್ಚಿ ತಾನೇ ಮತ್ತೆ ಹಾಕುತ್ತಿದ್ದಳು.

ಹೀಗಿರುವಾಗ ಒಂದು ದಿನ ಆಗಬಾರದ್ದು ಆಯಿತು. ಶಾಲೆಯ ಟೀಚರೊಬ್ಬರ ತಿಳಿನೀಲಿ ಗೌನನ್ನು ಮಡಿಲಲ್ಲಿಟ್ಟುಕೊಂಡು ಗುಂಡಿ ಹಾಕುತ್ತಿದ್ದ ಅಮ್ಮನಿಗೆ ಕೂತಲ್ಲೇ ಉಚ್ಚೆ ಹೋಯಿತು. ಗೌನಿನ ಅಂಚೂ ನೆನೆಯಿತು. ಅದೇ ಹೊತ್ತಿಗೆ ಟೀಚರು ಬಾಗಿಲಿಗೆ ಬರಬೇಕೇ! ಅಮ್ಮ ಎದ್ದು ನಿಂತು, ಒದ್ದೆ ಗೌನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, “ನೀರು ಚೆಲ್ತು, ನೀರು ಚೆಲ್ತು” ಅಂದಳು.

ಸಂಜೆ ಶಟರ್ ಎಳೆಯುವಾಗ ತಮ್ಮ ಶುರುಮಾಡಿದ.

“ಅಕ್ಕಾ, ಈ ವಾರ ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ಅಮ್ಮ ಮನೇಲೇ ಇರ್ಲಿ. ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಟ್ರಾಯ್ತು.”

“ಮನೇಲಿ ಇರ್ತಾಳೇನೋ ಅವಳು? ಭಾನುವಾರ ಹೇಗಾಡ್ತಾಳೆ ನೋಡಿಲ್ವಾ?”

ಭಾನುವಾರ ಅಂಗಡಿ ಇಲ್ಲ. ಅಮ್ಮ ಇಡೀ ದಿನ ಮನೆಯ ಬಾಗಿಲು ತಟ್ಟುತ್ತಾಳೆ. “ತೆಗೀರಿ, ಗಿರಾಕಿ ಕಾಯ್ತಿದ್ದಾರೆ” ಅನ್ನುತ್ತಾಳೆ. ವಾರವೆಲ್ಲ ಭಾನುವಾರವೇ ಆಗಿಬಿಟ್ಟರೆ ಅವಳು ಬಹಳ ದಿನ ಉಳಿಯುವುದಿಲ್ಲ, ಅದು ನನಗೆ ಖಂಡಿತ ಗೊತ್ತಿತ್ತು.

“ನಂಗೇನು ಖುಷೀನಾ ಅಕ್ಕಾ? ನಾಲ್ಕು ಜನರ ಮುಂದೆ ಅವಳ ಮರ್ಯಾದೆ ಹೋಗುತ್ತಲ್ಲ” ಅಂದ. ಅಂಗಡಿಯಲ್ಲಿ ಅಮ್ಮನ ಕುರ್ಚಿ ಉಳಿಯಬೇಕಾದರೆ ಸರಿಯಾದ ಒಳಚಡ್ಡಿ ಸಿಗಬೇಕಿತ್ತು.

ಮರುದಿನ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯಾಕೆ, “ಸೊಂಟ ಎಷ್ಟು?” ಎಂದು ಕೇಳಿದಳು.

“ನಲವತ್ತು. ನಾನು ಟೈಲರ್ ಕಣ್ರೀ, ನಮ್ಮಮ್ಮನ ಅಳತೆ ನಂಗೆ ಬಾಯಿಪಾಠ.”

“ಆದ್ರೂ ಒಂದ್ಸಲ ಅಳೆದು ನೋಡಿದ್ರೆ...”

“ನಂಗೇ ಅಳತೆ ಹೇಳ್ಕೊಡ್ತೀರಾ?”

ಆಕೆ ನಲವತ್ತರದನ್ನೇ ಕಟ್ಟಿಕೊಟ್ಟಳು. ಎರಡು ಬಗೆಯದನ್ನು ತಂದೆ. ಪಕ್ಕದಲ್ಲಿ ಅಂಟುಪಟ್ಟಿ ಇರುವ ಡೈಪರ್ ಒಂದು, ಚಡ್ಡಿಯ ಹಾಗೆ ಎಳೆದು ಹಾಕುವ ಕಾಗದದಂಥದ್ದು ಇನ್ನೊಂದು.

ಅಂಟುಪಟ್ಟಿಯದು ಅರ್ಧ ದಿನವೂ ಬಾಳಲಿಲ್ಲ. ಬಿಚ್ಚುವುದರಲ್ಲಿ ಅಮ್ಮನನ್ನು ಮೀರಿಸಿದವರಿಲ್ಲವಲ್ಲ! ತೊಟ್ಟಿದ್ದ ನೈಟಿಯೊಳಗೆ ಕೈಹಾಕಿ ಪಟ್ಟಿ ಕಿತ್ತು, ಡೈಪರನ್ನು ಎಳೆದು ಮೇಜಿನ ಮೇಲಿಟ್ಟು, ಹತ್ತಿಯನ್ನೆಲ್ಲ ಹಿಂಜಿ ತೆಗೆದಳು.

“ಯಾರು ಮೇಡಂ ಇದನ್ನ ಹೊಲಿದೋನು? ಬರೀ ಅಂಟಿಸಿಬಿಟ್ಟಿದ್ದಾನೆ! ದಾರಕ್ಕೂ ಗತಿ ಇರ್ಲಿಲ್ವಾ ಅವನಿಗೆ?”

ತಮ್ಮ ನಗಬಾರದು ಎಂದುಕೊಂಡೇ ನಕ್ಕ. ನನಗೂ ನಗು ತಡೆಯಲಿಲ್ಲ. ಕತ್ತರಿ, ಮಿಷಿನ್, ನನ್ನ ತಲೆ, ಎಲ್ಲದರ ಮೇಲೂ ಹತ್ತಿ ಕೂತಿತ್ತು.

ಎರಡನೆಯದನ್ನು ಗೊಣಗುತ್ತಲೇ ಹಾಕಿಸಿಕೊಂಡಳು. “ಸರಸರ ಅನ್ನುತ್ತಲ್ಲ, ಪೇಪರ್ ಸುತ್ತಿದ್ದೀರಾ?” ಅಂದಳು. ಮಧ್ಯಾಹ್ನದ ತನಕ ಎಲ್ಲ ಸರಿಯಿತ್ತು. ಆಮೇಲೆ ತೊಡೆಯ ಸಂದಿನಿಂದ ಸೋರಿ ಕುರ್ಚಿ ಒದ್ದೆಯಾಯಿತು. ತಮ್ಮ ಒರೆಸುವ ಬಟ್ಟೆ ತಂದು ತಾನೇ ಒರೆಸಿದ. ಅವನು ಬೈದಿದ್ದರೇ ಚೆನ್ನಾಗಿತ್ತು.

ಮೆಡಿಕಲ್ ಶಾಪಿನವಳ ಗ್ರಹಚಾರ ಬಿಡಿಸಲೆಂದು ಚಪ್ಪಲಿ ಮೆಟ್ಟಿದೆ. ಅಷ್ಟರಲ್ಲಿ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪು ಕೈಗೆ ತಗುಲಿತು. ಸುಮ್ಮನೆ ವಾಪಸ್ ಬಂದೆ.

“ಅಮ್ಮಾ, ಸ್ವಲ್ಪ ಕೈ ಎತ್ತು.”

ಹೇಳಿದ ಮಾತು ಕೇಳುವ ಗಿರಾಕಿಯಂತೆ ಅವಳು ಕೈ ಎತ್ತಿ ನಿಂತಳು. ಮೂವತ್ತನಾಲ್ಕು. ಮತ್ತೆ ಅಳೆದೆ, ಅಷ್ಟೇ ಬಂತು. ಹೋದ ತಿಂಗಳು ಅಳತೆ ಕೊಟ್ಟುಹೋದ ಗಿರಾಕಿಗೂ ನಾನು ಮತ್ತೆ ಟೇಪು ಹಿಡಿಯುವವಳು. ಅಮ್ಮನಿಗೆ ಹಿಡಿದು ಎಷ್ಟು ವರ್ಷವಾಗಿತ್ತೋ. ದಿನಾ ಸ್ನಾನ ಮಾಡಿಸುತ್ತಿದ್ದೆ, ಬಟ್ಟೆ ತೊಡಿಸುತ್ತಿದ್ದೆ, ಅವಳು ಕಣ್ಣೆದುರೇ ಇಷ್ಟು ಸವೆದದ್ದು ನನಗೆ ತಿಳಿದಿರಲಿಲ್ಲ. ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

“ಅಳ್ಬೇಡಿ ಮೇಡಂ, ಫಿಟಿಂಗ್ ಸರಿಮಾಡಿ ಕೊಡೋಣ” ಎಂದು ಅಮ್ಮ ನನ್ನ ತಲೆ ಸವರಿದಳು.

“ಮೂವತ್ತನಾಲ್ಕು ರೀ” ಎಂದು ಮೆಡಿಕಲ್ ಶಾಪಿನಲ್ಲಿ ತಲೆತಗ್ಗಿಸಿ ಹೇಳಿದೆ. ಆಕೆ ದೊಡ್ಡ ಮನಸ್ಸಿನವಳು, ಹಂಗಿಸಲಿಲ್ಲ. ಅಮ್ಮ ಬಿಚ್ಚಿ ಹಿಂಜುವ ಕತೆ ಕೇಳಿ, ಒಳಗಿನಿಂದ ಬೇರೆ ಪೊಟ್ಟಣ ತಂದಳು. ಒಗೆದು ಮತ್ತೆ ಹಾಕುವ ಬಟ್ಟೆಯ ಚಡ್ಡಿ. ಹೊರಗಿನಿಂದ ನೋಡಿದರೆ ಎಲ್ಲರೂ ಹಾಕುವಂಥದ್ದೇ, ನಡುವೆ ಮಾತ್ರ ಹೀರುವ ಬಟ್ಟೆಯನ್ನು ಪದರ ಪದರವಾಗಿ ಇಟ್ಟು ಹೊಲಿದಿದ್ದರು. ಒಳಹೊರಗು ಮಾಡಿ ನೋಡಿದೆ. ಹೊಲಿಗೆ ಒತ್ತಾಗಿತ್ತು, ಕಾಲಿನ ಸುತ್ತ ಎಲಾಸ್ಟಿಕ್ ಬಿಗಿಯಿದ್ದರೂ ಚರ್ಮಕ್ಕೆ ಕಚ್ಚುವಂತಿರಲಿಲ್ಲ.

“ಇದನ್ನ ಹಾಕಿ ಮರೆತುಬಿಡೋ ಹಾಗಿಲ್ಲ. ನೀವೇ ಆಗಾಗ ಬಾತ್‌ರೂಮಿಗೆ ಕರ್ಕೊಂಡು ಹೋಗ್ಬೇಕು” ಅಂದಳು.

“ಹೋಗ್ತೀನಿ” ಎಂದು ಕಾಫಿ ಬಣ್ಣದ್ದನ್ನು ಆರಿಸಿಕೊಂಡೆ.

ಶನಿವಾರ ಬೆಳಗ್ಗೆ ಮನೆಯಲ್ಲಿ ಹೊಸ ಚಡ್ಡಿ ಕೈಗೆ ಕೊಟ್ಟರೆ, ಅಮ್ಮ ಸೊಂಟಪಟ್ಟಿಯ ಒಳಗೆ ಹೆಬ್ಬೆರಳು ಆಡಿಸಿ ವಾಪಸ್ ಕೊಟ್ಟಳು.

“ಇದು ನಂದಲ್ಲ.”

“ನಿಂದೇ ಕಣಮ್ಮಾ, ಹೊಸದು.”

“ಯಾರದೋ ಚಡ್ಡಿ ನಂಗ್ಯಾಕೆ ಹಾಕಿಸ್ತೀರಿ? ನಂಗೇನು ಹಾಕ್ಕೊಳ್ಳೋಕೆ ಇಲ್ವಾ?”

ಜಪ್ಪಯ್ಯ ಅಂದರೂ ಕಾಲೆತ್ತಲಿಲ್ಲ. ಅವತ್ತೇ ಕೊನೆಯ ದಿನ. ಆಚೆ ತಮ್ಮ ಹೊರಡಲು ಕಾಯುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. “ಹಾಗಾದ್ರೆ ಮನೇಲೇ ಬಿದ್ದಿರು!” ಎಂದು ಚಡ್ಡಿಯನ್ನು ಮಂಚದ ಮೇಲೆ ಬಿಸಾಡಿದೆ. ಅದು ಒಳಭಾಗ ಮೇಲಾಗಿ ಬಿತ್ತು. ಅವಳ ಹೆಬ್ಬೆರಳು ಹುಡುಕಿದ ಜಾಗ ಬೋಳಾಗಿತ್ತು. ಆಗ ನನಗೆ ಹೊಳೆಯಿತು.

ಸೂಜಿ ತಂದು, ಕೆಂಪು ದಾರ ಪೋಣಿಸಿ, ನಿಂತಲ್ಲೇ ಗಂಟು ಹಾಕಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಜಗ್ಗಿ ಎಳೆದು, ಹಲ್ಲಿನಲ್ಲಿ ದಾರ ಕಡಿದು ಕೊಟ್ಟೆ.

ಅಮ್ಮನ ಹೆಬ್ಬೆರಳು ಗಂಟಿನ ಮೇಲೆ ನಿಂತಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನಕ್ಕಳು.

“ಇದು ನಮ್ಮ ಸಿಡುಕಿ ಹಾಕಿದ್ದು.”

“ಯಾರು?”

“ನನ್ನ ಮಗಳು ಮೇಡಂ. ನೋಡಿ, ಬಟ್ಟೆ ಸುಕ್ಕಾಗೋ ಹಾಗೆ ಎಳೆದಿದ್ದಾಳೆ. ಸಿಟ್ಟು ಬಂದಾಗ ಹೀಗೇ ಎಳೀತಾಳೆ, ಎಷ್ಟು ಹೇಳಿದ್ರೂ ಅಷ್ಟೇ.”

“ಬಿಚ್ಚಿ ಸರಿಯಾಗಿ ಹಾಕಲಾ?”

“ಅಯ್ಯೋ, ಬೇಡ ಬೇಡ” ಎಂದು ಚಡ್ಡಿಯನ್ನು ಎದೆಗವಚಿಕೊಂಡಳು. “ಇರ್ಲಿ. ನಂಗೇ ಅಂತ ಹಾಕಿದ್ದಾಳೆ.”

ನನ್ನ ಭುಜ ಹಿಡಿದುಕೊಂಡು ಒಂದು ಕಾಲು ಎತ್ತಿದಳು, ಆಮೇಲೆ ಇನ್ನೊಂದು.

ಅವತ್ತು ಆಗಾಗ ಬಾತ್‌ರೂಮಿಗೆ ಕರೆದುಕೊಂಡು ಹೋದೆ. ಸಂಜೆ ಶಟರ್ ಎಳೆಯುವ ಮುಂಚೆ ತಮ್ಮ ಅಮ್ಮನ ಕುರ್ಚಿಯನ್ನು ಮುಟ್ಟಿ ನೋಡಿದ, ಒಣಗಿಯೇ ಇತ್ತು. “ಸೋಮವಾರ ಅಮ್ಮಂಗೆ ಆ ನೀಲಿ ಗೌನಿನ ಗುಂಡಿ ಕೊಡು ಅಕ್ಕಾ, ಇನ್ನೂ ಎರಡು ಬಾಕಿ ಇದೆ” ಅಂದ.

ಮನೆಗೆ ಬಂದು ಪೊಟ್ಟಣದಲ್ಲಿ ಉಳಿದಿದ್ದ ಚಡ್ಡಿಗಳಿಗೂ ಗಂಟು ಹಾಕಲು ಕೂತೆ. ಒಂದಿಷ್ಟೂ ಸಿಟ್ಟಿರಲಿಲ್ಲ. ಆದರೂ ಒಂದೊಂದು ಗಂಟನ್ನೂ ಜಗ್ಗಿ, ಬಟ್ಟೆ ಸುಕ್ಕಾಗುವ ಹಾಗೆ ಎಳೆದೆ.