ಅಂಟುಚೀಟಿಯಡಿಯ ಚರ್ಮ

ಡೆನೀಸಳ ಮಗಳಿಗೆ ಬಣ್ಣವಿರಲಿಲ್ಲ. ಹಾಲುಬಿಳುಪಿನ ಮೈ, ಮೊಣಕೈಯಲ್ಲಿ ನೀಲಿ ನರ. ಲಿವರ್‌ಪೂಲಿನ ಅವರ ಬೀದಿಯಲ್ಲಿ ಅದು ಕಾಯಿಲೆಯವರ ಬಣ್ಣ. ಜೂನ್ ಕೊನೆಗೆ ಶಾಲೆಯ ಬೀಳ್ಕೊಡುಗೆಯ ಕುಣಿತವಿತ್ತು. ಹಸಿರು ಗೌನು ಆಗಲೇ ಬಂದಿತ್ತು.

"ಇದನ್ನ ಹಾಕ್ಕೊಂಡ್ರೆ ಸುಲಿದ ಕೋಳಿ ಥರ ಕಾಣ್ತೀನಮ್ಮ" ಎಂದಳು ರೋಷೀನ್.

"ಶನಿವಾರ ಲೋರ್ನಾ ಅಂಗಡಿಗೆ ಹೋಗೋಣ. ವಯಸ್ಸು ಕೇಳಿದ್ರೆ ಹದಿನೆಂಟು ಅನ್ನು."

ರೋಷೀನಳಿಗೆ ಹದಿನಾರು. ಲೋರ್ನಾಳ ಅಂಗಡಿಯಲ್ಲಿ ಮುಚ್ಚಳವಿರುವ ಪೆಟ್ಟಿಗೆಗಳಿವೆ, ಒಳಗೆಲ್ಲ ಕೊಳವೆ ದೀಪಗಳು. ಅದರಲ್ಲಿ ಮಲಗಿ ಮೈ ಕಂದು ಮಾಡಿಕೊಳ್ಳುತ್ತಾರೆ. ಹದಿನೆಂಟರೊಳಗಿನವರನ್ನು ಮಲಗಿಸುವುದು ಕಾನೂನಿಗೆ ವಿರುದ್ಧ.

ಪಕ್ಕದ ಮನೆಯ ನೊರೀನ್ ಚಹಾದ ಲೋಟ ಕೆಳಗಿಟ್ಟಳು. ಅವಳು ಚರ್ಮದ ಕಾಯಿಲೆಗಳ ವಿಭಾಗದಲ್ಲಿ ನರ್ಸ್.

"ಬೇಡ ಕಣೇ. ಆ ದೀಪದಿಂದ ಚರ್ಮದ ಕ್ಯಾನ್ಸರ್ ಬರುತ್ತೆ. ಚಿಕ್ಕ ವಯಸ್ಸಲ್ಲಿ ಶುರು ಮಾಡಿದ್ರೆ ಅಪಾಯ ಇನ್ನೂ ಜಾಸ್ತಿ."

ಡೆನೀಸ್ ಅವಳನ್ನೇ ನೋಡಿದಳು. ನೊರೀನಳ ಮೈ ಬಿಸಿಲಿಗೆ ಕೆಂಪಾಗುತ್ತದೆಯೇ ಹೊರತು ಕಂದಾಗುವುದಿಲ್ಲ. ಹೊಟ್ಟೆಕಿಚ್ಚೇ ಇರಬೇಕು.

"ನೀವು ಆಸ್ಪತ್ರೆಯೋರು ಒಂದಿನ ಬೆಣ್ಣೆ ಬೇಡ ಅಂತೀರ, ಇನ್ನೊಂದಿನ ತಿನ್ನಿ ಅಂತೀರ. ಬೇಸಿಗೆ ರಜಕ್ಕೆ ಸ್ಪೇನ್‌ಗೆ ಹೋಗೋ ಮುಂಚೆ ಮೈಗೊಂದು ಕೋಟಿಂಗ್ ಕೊಟ್ರೆ ಅಲ್ಲಿ ಸುಡಲ್ಲ. ನಮ್ಮಮ್ಮನೂ ಹಂಗೇ ಮಾಡ್ತಿದ್ಳು."

"ಗೋಡೆಗೆ ಹೊಡೆಯೋ ಸುಣ್ಣ ಅಲ್ಲಮ್ಮ ಅದು. ಕಂದಾಯ್ತು ಅಂದ್ರೆ ಚರ್ಮಕ್ಕೆ ಆಗಲೇ ಪೆಟ್ಟು ಬಿದ್ದಿದೆ ಅಂತ. ಅದರ ಮೇಲೆ ಸ್ಪೇನ್ ಬಿಸಿಲು ಬೇರೆ."

"ಆ ದೀಪದಿಂದ ವಿಟಮಿನ್ ಡಿ ಸಿಗುತ್ತೆ ಅಂದ್ಳಲ್ಲ ಲೋರ್ನಾ?"

"ಮಾತ್ರೇಲೂ ಸಿಗುತ್ತೆ. ಲೋರ್ನಾ ಮಾತ್ರೆ ಮಾರಲ್ಲ, ಅಷ್ಟೇ."

"ಇಪ್ಪತ್ತು ವರ್ಷದಿಂದ ಮಲಗ್ತಿದೀನಿ, ನನಗೇನಾಗಿದೆ? ನೋಡು!" ಡೆನೀಸ್ ಎದ್ದು ಪ್ಯಾಂಟಿನ ಪಟ್ಟಿ ಸರಿಸಿ ಸೊಂಟ ತೋರಿಸಿದಳು. ಎಷ್ಟು ಕಂದಾಯಿತೆಂದು ಅಳೆಯಲು ಹೆಂಗಸರು ದೀಪದಡಿ ಮಲಗುವಾಗ ಅಲ್ಲೊಂದು ಅಂಟುಚೀಟಿ ಅಂಟಿಸಿಕೊಳ್ಳುತ್ತಾರೆ. ಡೆನೀಸಳದು ಹೃದಯದ ಆಕಾರದ್ದು, ಯಾವಾಗಲೂ ಅದೇ ಜಾಗದಲ್ಲಿ. ಕಂದು ಮೈಯ ನಡುವೆ ಒಂದು ಬಿಳಿ ಹೃದಯ ಉಳಿದಿತ್ತು.

"ಅದರೊಳಗೆ ಬೆರಳಾಡಿಸು" ಎಂದಳು ನೊರೀನ್. "ಈಗ ಹೊರಗೆ."

ಒಳಗೆ ರೋಷೀನಳ ಕೆನ್ನೆಯಷ್ಟು ನುಣುಪು. ಹೊರಗೆ ಹಳೇ ಕೈಚೀಲದ ತೊಗಲು.

"ಎರಡೂ ನಿಂದೇ. ವಯಸ್ಸೂ ಒಂದೇ."

ರೋಷೀನ್ ಬಗ್ಗಿ ನೋಡಿದಳು. "ಅಮ್ಮ, ಹೃದಯದ ಪಕ್ಕ ಇದೇನು?"

"ಹುಟ್ಟುಮಚ್ಚೆ."

"ಹುಟ್ಟಿದಾಗಲೇ ಅಂಚು ಹೀಗೆ ಹರಕಲಾಗಿತ್ತಾ?" ನೊರೀನ್ ನಗುತ್ತಿರಲಿಲ್ಲ. "ಎರಡು ಬಣ್ಣ ಇತ್ತಾ?"

ಡೆನೀಸ್ ಕತ್ತು ತಿರುಗಿಸಿ ಮಚ್ಚೆ ನೋಡಿಕೊಂಡಳು. ಹೋದ ತಿಂಗಳು ಲೋರ್ನಾ ಆ ಮಚ್ಚೆಯ ಮೇಲೆ ಒಂದು ದುಂಡು ಪಟ್ಟಿ ಅಂಟಿಸಿದ್ದಳು. 'ಮುಚ್ಚಿಕೊಂಡಿರು, ಒಳ್ಳೇದು' ಎಂದಿದ್ದಳು. ಒಳ್ಳೆಯ ಬೆಳಕಾದರೆ ಮುಚ್ಚಿಕೊಳ್ಳುವುದು ಯಾಕೆ? ಡೆನೀಸಳ ಅನುಮಾನ ಮೊದಲ ಸಲ ಅಂಗಡಿಯ ಕಡೆ ತಿರುಗಿತು.

"ಶನಿವಾರ ಎಲ್ಲಿಗೂ ಹೋಗಲ್ಲ" ಎಂದಳು ಮಗಳಿಗೆ. ನೊರೀನಳತ್ತ ತಿರುಗಿ, "ಸೋಮವಾರ ನನ್ನ ಜೊತೆ ಡಾಕ್ಟರ ಹತ್ರ ಬರ್ತೀಯಾ?"

ಆಸ್ಪತ್ರೆಯಲ್ಲಿ ಮಚ್ಚೆ ಕತ್ತರಿಸಿ ಪರೀಕ್ಷಿಸಿದರು. ಅದು ಮೆಲನೋಮ, ಚರ್ಮದ ಕ್ಯಾನ್ಸರುಗಳಲ್ಲೇ ಕೆಟ್ಟದ್ದು. ಹೊಲಿಗೆ ಬಿಚ್ಚುವ ಮೊದಲೇ ಕುಣಿತದ ದಿನ ಬಂತು. ರೋಷೀನ್ ಬಿಳಿ ತೋಳಿನಲ್ಲೇ ಹೋಗಿ ಬಂದಳು.

"ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದಳು ಡೆನೀಸ್.

"ಒಬ್ಬ ಸುಲಿದ ಕೋಳಿ ಅಂದ. ಈ ಕೋಳಿಗೆ ಕಾಯಿಲೆ ಇಲ್ಲ ಅಂದೆ."

ಓದುತ್ತಿರುವ ನೀವೂ ಕೇಳಿ. ಆ ದೀಪದಡಿ ಮಲಗಬೇಡಿ, ಸುಳ್ಳು ವಯಸ್ಸು ಹೇಳಿಸಿ ಮಕ್ಕಳನ್ನು ಮಲಗಿಸಬೇಡಿ. ಮಚ್ಚೆ ಬೆಳೆದರೆ, ಅಂಚು ಹರಿದಂತಾದರೆ, ಬಣ್ಣ ಬದಲಾದರೆ, ತುರಿಸಿದರೆ, ರಕ್ತ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬಣ್ಣ ಬದಲಿಸಿಕೊಡುತ್ತೇವೆ, ಹಾನಿಯೇನಿಲ್ಲ ಎನ್ನುವವರನ್ನು ಅನುಮಾನಿಸಿ. ಹಾನಿಯಿಲ್ಲದಿದ್ದರೆ ಮಲಗುವವರ ಕಣ್ಣಿಗೆ ಕಪ್ಪು ಕನ್ನಡಕ ಯಾಕೆ ಕೊಡುತ್ತೀರಿ ಎಂದು ಕೇಳಿ.

ಡೆನೀಸ್ ಕಳೆದುಕೊಂಡದ್ದು: ಸೊಂಟದಿಂದ ಅರ್ಧ ಅಂಗೈಯಗಲ ಚರ್ಮ, ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ತೆಗೆದ ತೊಡೆಸಂದಿಯ ಎರಡು ಗ್ರಂಥಿ, ಸ್ಪೇನಿನ ಒಂದು ಬೇಸಿಗೆ. ಆ ಚರ್ಮದ ಜೊತೆ ಬಿಳಿ ಹೃದಯವೂ ಹೋಯಿತು.