ಎರಡು ಬಡಿತ

ಲಾರಿಗಳ ನಡುವಿನ ಸಂದಿಯಲ್ಲಿ ಬೈಕು ನುಗ್ಗಿಸುವಾಗ ಈಶ್ವರ್‌ಗೆ ಒಂದು ಅಭ್ಯಾಸವಿತ್ತು. ಲಾರಿಯ ಕಬ್ಬಿಣದ ಮೈಗೆ ಅಂಗೈಯಿಂದ ಎರಡು ಸಲ ಬಡಿಯುತ್ತಿದ್ದ. ಇಲ್ಲೊಬ್ಬ ಮನುಷ್ಯನಿದ್ದಾನೆ, ಸ್ವಲ್ಪ ತಡಿ ಎಂದು ಡ್ರೈವರ್‌ಗೆ ತಿಳಿಸುವುದು ಅದರ ಉದ್ದೇಶ. ಹೊಸಪೇಟೆ ಚಿತ್ತವಾಡ್ಗಿಯ ಮನೆಯಿಂದ ಸಂಡೂರಿನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಒಂಬತ್ತು ವರ್ಷ ಅದಿರು ಲಾರಿಗಳ ಜೊತೆಯಲ್ಲೇ ಓಡಾಡಿದವನು. ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಒಂದು ದಿನವೂ ಬೈಕು ಹತ್ತಿದವನಲ್ಲ. ತನ್ನದು ಬಹಳ ಎಚ್ಚರಿಕೆಯ ಸವಾರಿ ಎಂದೇ ನಂಬಿದ್ದ.

ಆ ಸೋಮವಾರ ಬೆಳಿಗ್ಗೆ ಘಾಟಿನ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತು, ಅದರ ಹಿಂದೆ ಎರಡು ಸಾಲು ಲಾರಿಗಳು ಕಟ್ಟಿಕೊಂಡಿದ್ದವು. ಆ ಎರಡು ಸಾಲಿನ ನಡುವೆ ಬೈಕಿನ ಹ್ಯಾಂಡಲ್ ತೂರುವಷ್ಟೇ ಜಾಗ. ಈಶ್ವರ್ ಕಾಲು ನೆಲಕ್ಕೆ ತಾಗಿಸುತ್ತ ಒಳಗೆ ಹೊಕ್ಕ. ಎಡಗಡೆಯ ಲಾರಿಯೊಂದು ಎಂಜಿನ್ ಚಾಲೂ ಇಟ್ಟುಕೊಂಡು ಗುರುಗುಟ್ಟುತ್ತಿತ್ತು. ಎಲ್ಲಿ ಹೊರಟುಬಿಡುತ್ತದೋ ಎಂದು ಹೆದರಿ ಅದರ ಮೈಗೆ ಬಡಿದ. ಡಬ್, ಡಬ್. ಬಡಿದವನು ದಾಟಿ ಮುಂದೆ ಹೋದ. ಹಿಂದೆ ಆ ಲಾರಿ ಅಲುಗಿದ ಸದ್ದಾಯಿತು, ಆಮೇಲೆ ಯಾರೋ ಚೀರಿದರು. ಬೈಕಿನವರನ್ನು ಲಾರಿಯವರು ಬೈಯುವುದು ಹೊಸದೇನಲ್ಲ ಎಂದುಕೊಂಡ. ಆ ಇಕ್ಕಟ್ಟಿನಲ್ಲಿ ತಿರುಗಿ ನೋಡುವುದಕ್ಕೂ ಆಗುವುದಿಲ್ಲ ಎಂದುಕೊಂಡ.

ಹನ್ನೊಂದು ಗಂಟೆಗೆ ಹುಲಿಗೇಶ್ ಆಫೀಸಿಗೆ ಬಂದ. ಕಂಪ್ಲಿ ಕಡೆಯವನು, ಅದೇ ಆಫೀಸಿನ ಲಾರಿ ಓಡಿಸುವವನು. ಅಂಗಿಯ ಮೇಲೆಲ್ಲ ರಕ್ತದ ಕಲೆ.

"ಮಾವನ ಕಾಲಮ್ಯಾಲ ಗಾಲಿ ಹತ್ತಿಸಿಬಿಟ್ಟೆ ಸರ," ಎಂದವನೇ ಗೋಡೆಗೊರಗಿ ಕುಳಿತ.

ಅವನ ಮಾವ ಎಂದರೆ ಅಕ್ಕ ತಿಪ್ಪಕ್ಕನ ಗಂಡ ಉಜ್ಜಿನಪ್ಪ. ಅದೇ ಲಾರಿಯ ಕ್ಲೀನರ್. ಆಗಲೇ ಅವನನ್ನು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದ್ದರು. ಡ್ರೈವರನ ಹೇಳಿಕೆ ಬರೆದುಕೋ ಎಂದು ಮಾಲೀಕ ಗಾದಿಲಿಂಗಪ್ಪ ಒಳಗಿನಿಂದಲೇ ಕೂಗಿ ಹೇಳಿದರು. ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದ ಈಶ್ವರನೇ ಆ ಆಫೀಸಿನ ಬರವಣಿಗೆಗೆಲ್ಲ ದಿಕ್ಕು.

"ಹಿಂದಿನ ಎಡಗಡೆ ಜೋಡಿ ಗಾಲಿ ನಡುವ ಕಲ್ಲು ಸಿಕ್ಕಿತ್ರಿ," ಎಂದ ಹುಲಿಗೇಶ್. "ಮಾವ ಕಬ್ಬಿಣದ ಹಾರಿ ತಗೊಂಡು ಕೆಳಗ ಇಳದ. ಕಲ್ಲು ತಗದ ಮ್ಯಾಲ ಗಾಡಿ ಮೈಗೆ ಎರಡು ಸಲ ಬಡೀತಾನ, ಆಮ್ಯಾಲ ನಾ ಗಾಡಿ ಬಿಡಬೇಕು. ಹದಿನಾಲ್ಕು ವರ್ಷದಿಂದ ಹಂಗ ನಡದೈತಿ. ಇವತ್ತೂ ಎರಡು ಸಲ ಬಡದಿದ್ದು ಕೇಳಿದೆ, ಬಿಟ್ಟೆ. ಮಾವ ನೋಡಿದ್ರ ನಾ ಬಡದೇ ಇಲ್ಲಲೇ ಅಂತಾನ."

ಈಶ್ವರನ ಪೆನ್ನು ನಿಂತಿತು. "ಎಲ್ಲಿ ಆತು?"

"ಘಾಟಿನ ತಿರುವಿನಾಗ್ರಿ. ಕೆಟ್ಟ ಗಾಡಿ ಹಿಂದ, ಎಡಗಡೆ ಸಾಲಿನಾಗ. ಎಂಟೂವರಿ ಇರಬೇಕು."

ಆಗಲೇ ಹೇಳಬಹುದಿತ್ತು. ಮೂರೇ ಮಾತು ಸಾಕಿತ್ತು. ಈಶ್ವರ್ ಬಾಯಿ ತೆರೆದ, ನೀರು ಕುಡಿದ, ಬರೆಯತೊಡಗಿದ. "ಎರಡು ಸಲ ಬಡಿದದ್ದು ಕೇಳಿಸಿತು" ಎಂದು ಬರೆಯಬೇಕಾದ ಕಡೆ "ಎರಡು ಸಲ ಬಡಿದ ಶಬ್ದ ಕೇಳಿದಂತೆ ಭಾಸವಾಯಿತು" ಎಂದು ಬರೆದ. ಆಫೀಸಿನ ಕಾಗದದಲ್ಲಿ ಹೀಗೇ ಬರೆಯುವುದು ಶಿಷ್ಟ ಎಂದು ತನಗೆ ತಾನೇ ಹೇಳಿಕೊಂಡ.

"ನಾ ಹೇಳಿದಂಗ ಐತಿಲ್ರಿ ಸರ?" ಎಂದ ಹುಲಿಗೇಶ್. ಸಹಿಯೊಂದನ್ನು ಬಿಟ್ಟರೆ ಅವನಿಗೆ ಓದುಬರಹ ಅಷ್ಟಕ್ಕಷ್ಟೆ.

"ಐತಿ."

"ಓದಿದವರು ನೀವು. ನಿಮಗ ತಪ್ಪತೈತೇನು?" ಎಂದು ಅಲ್ಲೇ ಸಹಿ ಮಾಡಿದ.

ಮರುದಿನ ಗಾದಿಲಿಂಗಪ್ಪನವರು ಕಾಗದ ಓದಿ ಕನ್ನಡಕ ತೆಗೆದರು. "ಭಾಸ ಆಗೋ ಡ್ರೈವರ್ ನನಗ ಬ್ಯಾಡಪ್ಪ. ಇವತ್ತ ಬಡದಂಗ ಭಾಸ ಆಗೈತಿ. ನಾಳೆ ಬ್ರೇಕ್ ಹಾಕಿದಂಗ ಭಾಸ ಆದ್ರ ಏನ್ ಮಾಡೂದು? ಬ್ಯಾರೆ ಕಡೆ ನೋಡ್ಕೊ ಅನ್ನು ಅವಗ."

ಆಫೀಸಿನವರೆಲ್ಲ ನಕ್ಕರು. ಈಶ್ವರನೂ ನಕ್ಕ. ನಕ್ಕ ಮೇಲೆ ಹಿಂದಿನ ಕೋಣೆಗೆ ಹೋಗಿ ಬಹಳ ಹೊತ್ತು ಫೈಲು ಹುಡುಕುವವನಂತೆ ನಿಂತ.

ಮುಂದಿನ ಎರಡು ದಿನ ಅವನು ತನ್ನ ಪರವಾಗಿ ತಾನೇ ವಾದಿಸಿದ. ಬೇರೆ ಬೈಕಿನವನೂ ಬಡಿದಿರಬಹುದಲ್ಲ? ಆದರೆ ತಾನು ಬಡಿದ ಕೂಡಲೇ ಲಾರಿ ಅಲುಗಿದ್ದು ಅವನಿಗೇ ಕೇಳಿಸಿತ್ತು. ತಾನು ಬಡಿದದ್ದು ಎಚ್ಚರಿಕೆಗಾಗಿ ಅಲ್ಲವೇ? ಹೌದು, ಯಾರ ಎಚ್ಚರಿಕೆಗಾಗಿ? ವಾದ ಪ್ರತಿಸಲವೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಗುರುವಾರ ಸಂಜೆ ಮನೆಗೆ ಬರುವಾಗ ಮತ್ತೆ ಲಾರಿಗಳ ಸಾಲು ಎದುರಾಯಿತು. ಈಶ್ವರ್ ಕೊನೆಯ ಲಾರಿಯ ಹಿಂದೆ ಬೈಕು ನಿಲ್ಲಿಸಿಬಿಟ್ಟ.

"ಏನಣ್ಣಾ, ಬೀಗರ ಮೆರವಣಿಗಿಗೆ ಬಂದಿಯೇನು? ಸಂದಿ ಐತಲ್ಲ, ನುಗ್ಗು!" ಎಂದು ಹಿಂದಿನಿಂದ ಒಬ್ಬ ಹಾರ್ನ್ ಹೊಡೆದ.

ನುಗ್ಗಲು ಅವನ ಕೈಗಳು ಒಪ್ಪಲಿಲ್ಲ. ರಸ್ತೆ ತೆರವಾದ ಮೇಲೆ ಮನೆಯ ಕಡೆ ತಿರುಗದೆ ನೇರ ಆಸ್ಪತ್ರೆಗೆ ಹೋದ.

ಹುಲಿಗೇಶ್ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಬುತ್ತಿಯ ಡಬ್ಬಿ.

"ಅಕ್ಕ ಒಳಗ ಬಿಡವಲ್ಲಳು ಸರ," ಎಂದ. "ಮೊಬೈಲ್ ನೋಡ್ಕೋತ ಕುಂತಿದ್ದಿ, ಈಗ ಸುಳ್ಳು ಹೇಳ್ತಿ ಅಂತಾಳ. ಮಾವನ ಕಾಲಿನ ಮೂರು ಬೆರಳು ತಗದಾರ್ರಿ. ಇಲ್ಲೇ ಕಿವಿ ಡಾಕ್ಟರ್ ಹಂತೇಕ ಹೋಗಿದ್ದೆ, ಕಿವಿ ನೆಟ್ಟಗ ಅದಾವು ಅಂದ್ರು. ಅಂದ ಮ್ಯಾಲ ತಲೀನ ಕೆಟ್ಟಿರಬೇಕು. ಸಾಹುಕಾರ್ರು ಬಿಡಿಸಿದ್ದು ಚಲೋ ಆತು ಬಿಡ್ರಿ. ನನಗ ಇನ್ನ ಸ್ಟೇರಿಂಗ್ ಹಿಡಿಯೂ ಧೈರ್ಯ ಇಲ್ಲ."

"ಹುಲಿಗೇಶ, ಬಡದಾಂವ ನಾನು."

"ಏನಂದ್ರಿ?"

"ಸಂದಿಯಾಗ ಬೈಕ್ ಹೊಡಕೊಂಡು ಬಂದೆ. ನಿನ್ನ ಗಾಡಿಗೆ ಬಡದೆ."

"ಎರಡು ಸಲಾನ?"

"ಎರಡು ಸಲ."

ಏಟು ಬೀಳುತ್ತದೆ ಎಂದು ಈಶ್ವರ್ ಕಣ್ಣು ಮುಚ್ಚಿದ್ದ. ಹುಲಿಗೇಶ್ ಅವನ ಕೈ ಹಿಡಿದು ದರದರ ಎಳೆದುಕೊಂಡು ವಾರ್ಡಿಗೆ ನುಗ್ಗಿದ.

"ಅಕ್ಕಾ! ಬಡದಿದ್ದು ಖರೇ ಐತಿ! ನನ್ನ ತಲಿ ಕೆಟ್ಟಿಲ್ಲ! ಇವರು, ನಮ್ಮ ಆಫೀಸಿನ ಸರ್, ಇವರ ಬಡದಿದ್ದಂತ! ಹೇಳ್ರಿ ಸರ!"

ಅವನ ಮುಖದ ಸಂತೋಷವನ್ನು ನೋಡಲಾಗಲಿಲ್ಲ. ಈಶ್ವರ್ ನೆಲ ನೋಡುತ್ತ ಹೇಳಿದ.

"ಜೋರಾಗಿ ಹೇಳ್ರಿ, ಮಾವಗ ಕೇಳಲಿ."

ಅಕ್ಕಪಕ್ಕದ ಮಂಚದವರೂ ತಿರುಗಿದರು. ಈಶ್ವರ್ ಎರಡನೆಯ ಸಲ ಹೇಳಿದ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತೇನೋ, ನಿಲ್ಲಿಸಲಿಲ್ಲ. "ಅವತ್ತ ಬರೀವಾಗೂ ನನಗ ಗೊತ್ತಿತ್ತು. ನೀ 'ಕೇಳಿದೆ' ಅಂದಿದ್ದಿ. ನಾ 'ಕೇಳಿದಂಗ ಅನ್ನಿಸ್ತು' ಅಂತ ಬರದೆ."

ಹುಲಿಗೇಶ್ ಅವನ ಕೈ ಬಿಟ್ಟ.

"ಗೊತ್ತಿದ್ದೂ ಬರದ್ರೇನು?" ಎಂದ ಮೆಲ್ಲಗೆ. ಬೈಗುಳ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಮಂಚದ ಮೇಲಿದ್ದ ಉಜ್ಜಿನಪ್ಪ ಈಶ್ವರನ ಕಡೆ ನೋಡಲೇ ಇಲ್ಲ. ಬ್ಯಾಂಡೇಜಿನ ಕಾಲು ಕದಲಿಸದೆ ಸ್ವಲ್ಪ ಸರಿದು ಜಾಗ ಮಾಡಿದ. "ಬಾರಲೇ ಹುಲಿಗ್ಯಾ. ಇಲ್ಲಿ ಕುಂದ್ರು," ಎಂದ. ಹುಲಿಗೇಶ್ ಹೋಗಿ ಕುಳಿತ.

"ನಾಳೆ ಸಾಹುಕಾರ್ರ ಮುಂದ ಎಲ್ಲಾ ಹೇಳ್ತೀನಿ," ಎಂದ ಈಶ್ವರ್. "ಬರದೂ ಕೊಡ್ತೀನಿ."

"ಬಾಯಿಲೆ ಹೇಳ್ರಿ ಸಾಕು," ಎಂದ ಹುಲಿಗೇಶ್. "ಬರಿಯೂದು ಬ್ಯಾಡ. ನಾನೂ ಬಂದು ಅಲ್ಲೇ ನಿಂದರ್ತೀನಿ."

ಈಶ್ವರ್ ಬಾಗಿಲ ತನಕ ಹೋದಾಗ ಮಂಚದ ಪಕ್ಕದಲ್ಲಿದ್ದ ತಿಪ್ಪಕ್ಕ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದವಳಂತೆ ಕೇಳಿದಳು.

"ಅಷ್ಟು ಜಲ್ದಿ ಎಲ್ಲಿಗೆ ಹೊಂಟಿದ್ರಿ ಅವತ್ತು?"

ಏನಾದರೂ ಇರಬೇಕು ಎಂದು ಈಶ್ವರ್ ನೆನಪು ಮಾಡಿಕೊಂಡ. ಆಫೀಸು ತೆರೆಯುವುದೇ ಒಂಬತ್ತೂವರೆಗೆ. ಅವತ್ತು ಅವನು ಹೋದಾಗ ಬಾಗಿಲು ಹಾಕಿತ್ತು.

"ಅವಸರ ಏನೂ ಇರಲಿಲ್ಲಮ್ಮ," ಎಂದ.