ಕೊಬ್ಬರಿಯ ಬೂಷ್ಟು ಎದೆಗಿಳಿದಾಗ

ಮಳೆಗಾಲ ಹಿಡಿಯಿತೆಂದರೆ ಗುಬ್ಬಿ ಸೀಮೆಯಲ್ಲಿ ಅಟ್ಟದ ಕೊಬ್ಬರಿಗೆ ಬೂಷ್ಟು ಬರುವುದು ಇದ್ದದ್ದೇ. ಎಂಬತ್ತೊಂದನೇ ಇಸವಿಯಲ್ಲಿ ಕಲ್ಲಮ್ಮನ ಮನೆಯಲ್ಲೂ ಬಂತು. ಅದನ್ನು ಒರೆಸುವ ಕೆಲಸವನ್ನು ಅವಳು ಗಂಡ ಅಡವಿಯಪ್ಪನಿಗೆ ವಹಿಸಿದಳು.

ಗಂಡನ ವಿಷಯದಲ್ಲಿ ಕಲ್ಲಮ್ಮನಿಗೆ ಸ್ವಲ್ಪ ಜಂಬ. ಇರಬೇಕಾದದ್ದೇ ಬಿಡಿ. ಅವನಿಗೆ ಕ್ಷಯ ಬಂದಾಗ ಒಂದೂವರೆ ವರ್ಷ ಒಂದು ಮಾತ್ರೆಯೂ ತಪ್ಪದಂತೆ ನುಂಗಿಸಿ ವಾಸಿ ಮಾಡಿಸಿದವಳು ಅವಳೇ. ಈಗ ಬಿಸಿಲು ಬೇಡ, ಭಾರ ಬೇಡ ಎಂದು ಕೂತು ಮಾಡುವ ಕೆಲಸ ಕೊಟ್ಟಿದ್ದಳು. ಕಿಟಕಿಯಿಲ್ಲದ ಅಟ್ಟದಲ್ಲಿ ಅವನು ಕೊಬ್ಬರಿ ತಿಕ್ಕುತ್ತಿದ್ದರೆ ಹಸಿರು ಧೂಳು ಮೀಸೆಗೆಲ್ಲ ಮೆತ್ತಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ಕೆಮ್ಮಿನ ಜೊತೆ ರಕ್ತ ಬಿತ್ತು. ಹಳೇ ಕಾಯಿಲೆ ವಾಪಸ್ ಬಂತೆಂದು ಅತ್ತೆ ಗೋಳಾಡಿದಳು. ಮೊಮ್ಮಗಳು ಸರ್ವಮಂಗಳಳಿಗೆ ಅಂಟಬಾರದೆಂದು ಅವಳನ್ನು ಅವತ್ತೇ ಕುಣಿಗಲ್‌ನ ಸೋದರಮಾವನ ಮನೆಗೆ ಸಾಗಹಾಕಿದಳು. ಮಗು ಅಳುತ್ತ ಹೋದಾಗ ಅಡವಿಯಪ್ಪ ಹೊರಗೆ ಬರಲೇ ಇಲ್ಲ. ಪಟ್ಟ ಪಾಡೆಲ್ಲ ನೀರುಪಾಲಾಯಿತೆಂದುಕೊಂಡಳು ಕಲ್ಲಮ್ಮ.

ಆರೋಗ್ಯ ಕಾರ್ಯಕರ್ತೆ ಶಕುಂತಲಮ್ಮ ಗಂಡ ಹೆಂಡತಿಯನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ದಳು. ಕಫ ಪರೀಕ್ಷೆ, ಎಕ್ಸ್‌ರೇ ಎರಡೂ ಆದವು. ಡಾಕ್ಟರು ಹೇಳಿದ್ದನ್ನು ಮನೆಗೆ ಬಂದು ಅತ್ತೆಗೆ ಬಿಡಿಸಿ ಹೇಳಿದಳು.

"ಕ್ಷಯ ವಾಪಸ್ ಬಂದಿಲ್ಲ ಕಣಮ್ಮ. ಅದು ಹೋದ ಮೇಲೆ ಶ್ವಾಸಕೋಶದಲ್ಲಿ ಒಂದು ಗೂಡು ಉಳ್ಕಂಡಿತ್ತು. ಅದರೊಳಗೆ ಬೂಷ್ಟು ಸೇರ್ಕಂಡು ಗಂಟು ಕಟ್ಟೈತೆ. ಇದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ."

ಅತ್ತೆ ಒಪ್ಪಲಿಲ್ಲ. "ನಾನು ಮದ್ವೆಯಾಗಿ ಬಂದಾಗಿಂದ ಬೂಷ್ಟು ಒರೆಸ್ತಿವ್ನಿ. ನಂಗೇನಾಗೈತೆ?"

"ನಿಮ್ಮ ಎದೆ ಗಟ್ಟಿ ಐತೆ. ಬೂಷ್ಟಿನ ಧೂಳು ಎಲ್ಲಾ ಕಡೆ ಗಾಳೀಲಿರ್ತದೆ, ಗಟ್ಟಿ ಇರೋರಿಗೆ ಸಾಮಾನ್ಯವಾಗಿ ಏನೂ ಮಾಡಲ್ಲ. ಹಿಂದೆ ಕ್ಷಯ ಆದೋರು, ಉಬ್ಬಸ ಇರೋರು, ಮೈ ಸೋತೋರು ಹುಷಾರಾಗಿರಬೇಕು."

ಕಲ್ಲಮ್ಮ ಮೆಲ್ಲಗೆ ಕೇಳಿದಳು, "ಅಂಗಾದ್ರೆ ನಾನು ನುಂಗ್ಸಿದ ಮಾತ್ರೆ?"

"ಒಂದೂ ದಂಡ ಆಗಿಲ್ಲ ಕಣೇ. ಅದ್ರಿಂದ್ಲೇ ನಿನ್ನ ಗಂಡ ಬದುಕವ್ನೆ."

ಆಗ ಕಲ್ಲಮ್ಮ ಅತ್ತಳು, ನಕ್ಕಳು. ಅಕ್ಕರೆಯಿಂದ ಕೊಟ್ಟ ಕೆಲಸವೇ ಮುಳುವಾಯಿತಲ್ಲ ಎಂದು ನಾಚಿದಳು. ಬೂಷ್ಟು ಹಿಡಿದ ಕೊಬ್ಬರಿಯನ್ನೆಲ್ಲ ಬೇರೆಯವರಿಂದ ಇಳಿಸಿ, ಅಟ್ಟಕ್ಕೆ ಗಾಳಿಕಿಂಡಿ ಒಡೆಸಿದಳು. ಅಡವಿಯಪ್ಪನಿಗೆ ಮತ್ತೆ ಅಟ್ಟ ಹತ್ತುವ ಕೆಲಸವಿಲ್ಲ. ಹೇಳಿದ ದಿನಕ್ಕೆ ಡಾಕ್ಟರಿಗೆ ತೋರಿಸಬೇಕು, ರಕ್ತ ಮತ್ತೆ ಕಂಡರೆ ಕೂಡಲೇ ಓಡಬೇಕು, ಬೇಕಾದರೆ ಆಪರೇಷನ್ನೂ ಆದೀತು. ಅದಕ್ಕೂ ಅವಳು ತಯಾರಿದ್ದಳು.

ಕುಣಿಗಲ್ ಬಸ್ಸು ಹತ್ತಿದ್ದು ಮಾತ್ರ ಅತ್ತೆಯೇ. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ, ಕೇಳಿದವರಿಗೂ ಕೇಳದವರಿಗೂ ತನ್ನ ಸೊಸೆ ಕ್ಷಯವನ್ನೇ ಓಡಿಸಿದವಳೆಂದು ದಾರಿಯುದ್ದಕ್ಕೂ ಹೇಳಿದಳು. ಅವತ್ತು ಸರ್ವಮಂಗಳ ಅಪ್ಪನ ತಟ್ಟೆಯಲ್ಲೇ ಉಂಡಳು. ಬಡಿಸಿದವಳು ಅಜ್ಜಿ.

ಓದುವ ಅಕ್ಕ, ಕೇಳುವ ಅಣ್ಣ, ನಿಮ್ಮ ಮನೆಯಲ್ಲೂ ಕ್ಷಯ ಗೆದ್ದವರಿದ್ದಾರೆಯೇ? ಬೂಷ್ಟು ಹಿಡಿದ ಕೊಬ್ಬರಿ, ಹುಲ್ಲು, ಕಾಳಿನ ಕೆಲಸ ಅವರಿಗೆ ಕೊಡಬೇಡಿ. ಕೆಮ್ಮಿದಾಗ ರಕ್ತ ಕಂಡರೆ ಬಚ್ಚಿಡಬೇಡಿ, ನೀವೇ ತೀರ್ಪು ಕೊಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮವರನ್ನು ಒಮ್ಮೆ ಉಳಿಸಿಕೊಂಡವರು ನೀವು. ತಲೆಯೆತ್ತಿಕೊಂಡೇ ಹೋಗಿ.